ಎರಡು ಫೋಟೋ, ಒಂದೇ ಗೀರು

ಸ್ಟುಡಿಯೋದ ಎಡಿಟಿಂಗ್ ಕೋಣೆಯಲ್ಲಿ ಆಕೆ ಕೀಬೋರ್ಡಿನ ಮೇಲೆ ಮುಖವಿಟ್ಟು ಸತ್ತಿದ್ದಳು. ಕುತ್ತಿಗೆಗೆ ಚಾರ್ಜರ್ ವೈರು ಬಿಗಿದಿತ್ತು. ಹೊಸ ಫೋಟೋಗಳಿಗೆ ಹಳೇ ಕಾಲದ ಕಳೆ ಕೊಡುವುದರಲ್ಲಿ ಅವಳದು ಎತ್ತಿದ ಕೈ. ಈಗ ಕಂಪ್ಯೂಟರ್ ಬಾಯಿ ತೆರೆದುಕೊಂಡಿತ್ತು. ಒಳಗೆ ಹಾರ್ಡ್ ಡಿಸ್ಕ್ ಇರಲಿಲ್ಲ.

ಬೆಳಿಗ್ಗೆ ಮೊದಲು ನೋಡಿದವನು ಅವಳ ಅಣ್ಣ, ಸ್ಟುಡಿಯೋ ಮಾಲೀಕ. ಅವನ ಅಂಗೈಗೆ ಬ್ಯಾಂಡೇಜಿತ್ತು.

"ನಿನ್ನೆ ತಂಗಿ ಜೊತೆ ಜಗಳ ಆಡಿದ್ರಂತೆ," ಎಂದಳು ಇನ್ಸ್‌ಪೆಕ್ಟರ್.

"ಹೌದು ಮೇಡಂ. ಯಾವುದೋ ಕೆಲಸ ಮಾಡ್ಕೊಟ್ಟು ತಪ್ಪು ಮಾಡ್ದೆ ಅಂತಿದ್ಲು. ಗಿರಾಕಿ ಕೇಳಿದ್ದು ಕೊಡೋದಷ್ಟೇ ನಮ್ಮ ಕೆಲಸ ಅಂತ ರೇಗಿದೆ."

"ಕೈಗೇನಾಯ್ತು?"

"ಫ್ರೇಮಿನ ಗಾಜು ಕುಯ್ತು. ನಿನ್ನೆ ಸಂಜೆ ಆರು ಗಂಟೆಗೇ ಆಸ್ಪತ್ರೆಗೆ ಹೋದೆ."

ಆಸ್ಪತ್ರೆಯವರು ಹೌದೆಂದರು. ಆಕೆ ಸತ್ತದ್ದು ಏಳರ ಸುಮಾರಿಗೆ. ಆಗ ಅಣ್ಣನ ಕೈಗೆ ಹೊಲಿಗೆ ಹಾಕುತ್ತಿದ್ದರು.

ಪ್ರಿಂಟರಿನ ಹಿಂದೆ ಒಂದು ಟ್ರಯಲ್ ಪ್ರಿಂಟು ಬಿದ್ದಿತ್ತು. ಕಂದು ಬಣ್ಣ, ಹಳದಿಗಟ್ಟಿದ ಅಂಚು. ಹೆಂಗಸೊಬ್ಬಳ ಕಂಕುಳಲ್ಲಿ ಗಂಡು ಮಗು.

ಅಣ್ಣ ಹುಬ್ಬು ಗಂಟಿಕ್ಕಿದ. "ಇವರು ಪಕ್ಕದ ಬೀದಿ ಟೀಚರಮ್ಮನ ತಾಯಿ. ಅವರ ಮನೆ ಗೋಡೆ ಮೇಲೆ ಇದೇ ಫೋಟೋ ಇದೆ. ಆದ್ರೆ ಅದ್ರಲ್ಲಿ ಮಗು ಇಲ್ಲ."

* * *

ನಿವೃತ್ತ ಟೀಚರಮ್ಮನ ಪಕ್ಕದಲ್ಲಿ ಐವತ್ತರ ಗಂಡಸೊಬ್ಬ ಕೂತಿದ್ದ.

"ನನ್ನ ತಮ್ಮ," ಎಂದರು ಆಕೆ. "ಮೂರು ವರ್ಷದವನಿದ್ದಾಗ ಕಳೆದುಹೋಗಿದ್ದ. ಹೋದ ತಿಂಗಳು ಹುಡುಕ್ಕೊಂಡು ಬಂದ. ಈ ಮನೇನ ಅವನ ಹೆಸರಿಗೇ ಬರೀತಿದ್ದೀನಿ."

ಕೇಳುವ ಮೊದಲೇ ಅವನು ಎರಡು ಹಳೇ ಫೋಟೋ ಮುಂದಿಟ್ಟ. ಒಂದರಲ್ಲಿ ತಾಯಿಯ ಕಂಕುಳಲ್ಲಿ. ಇನ್ನೊಂದರಲ್ಲಿ ಅನಾಥಾಶ್ರಮದ ಗೇಟಿನ ಮುಂದೆ, ಹನ್ನೆರಡರ ಹುಡುಗ.

"ಸ್ಟುಡಿಯೋದಲ್ಲಿ ಇವನ್ನ ದೊಡ್ಡದು ಮಾಡಿಸ್ತಿದ್ದೆ, ಅಷ್ಟೇ," ಎಂದ.

ಇನ್ಸ್‌ಪೆಕ್ಟರ್ ಎರಡನ್ನೂ ಕಿಟಕಿಯ ಬೆಳಕಿಗೆ ಹಿಡಿದಳು.

"ಎರಡಕ್ಕೂ ಒಂಬತ್ತು ವರ್ಷದ ಅಂತರ. ಆದ್ರೂ ಎರಡರಲ್ಲೂ ಬಲಮೂಲೆಗೆ ಒಂದೇ ಗೀರು. ಅದರ ಕೆಳಗೆ ಅವೇ ಮೂರು ಚುಕ್ಕೆ. ವಯಸ್ಸಾಗಿ ಬಿದ್ದ ಗೀರು ಹೀಗೆ ಅವಳಿಜವಳಿ ಹುಟ್ಟಲ್ಲ. ಕಂಪ್ಯೂಟರಿನಲ್ಲಿ ಒಂದೇ ಗೀರನ್ನ ಎರಡಕ್ಕೂ ಹೊದಿಸಿದ್ದಾರೆ. ಮೊದಲ ಸಲ ಬಂದಾಗ್ಲೇ ನೀನು ಗೋಡೆ ಮೇಲಿನ ಫೋಟೋನ ಮೊಬೈಲಲ್ಲಿ ಹಿಡ್ಕೊಂಡೆ. ಅದಕ್ಕೆ ಸ್ಟುಡಿಯೋ ಹೆಂಗಸಿನ ಕೈಲಿ ಯಾರದೋ ಮಗು ಸೇರಿಸ್ಕೊಂಡೆ. ಈ ಮನೆ ನಿನ್ನ ಹೆಸರಿಗೆ ಆಗೋವರೆಗೂ ಆ ಹೆಂಗಸು ಬಾಯಿ ಬಿಡಬಾರದಿತ್ತು. ಅಲ್ವಾ?"

ಅವನು ಎದ್ದ. ಬಾಗಿಲಲ್ಲಿ ಕಾನ್‌ಸ್ಟೇಬಲ್ ನಿಂತಿದ್ದ, ಕೈಯಲ್ಲಿ ಒಳಕೋಣೆಯಿಂದ ಹುಡುಕಿ ತಂದ ಆ 'ತಮ್ಮ'ನ ಚೀಲ. ಅದರೊಳಗೆ, ಬಟ್ಟೆಗಳ ಕೆಳಗೆ, ಹಾರ್ಡ್ ಡಿಸ್ಕ್ ಸಿಕ್ಕಿತ್ತು.

ಬೇಡಿ ಹಾಕುವಾಗ ಅವನು ಟೀಚರಮ್ಮನ ಕಡೆ ನೋಡಲಿಲ್ಲ.

"ಸ್ಟುಡಿಯೋದವಳು ಬಾಯಿ ಬಿಡ್ತಾಳೆ ಅಂತ ಇವನಿಗೆ ಹೇಗೆ ಗೊತ್ತಾಯ್ತು?" ಇನ್ಸ್‌ಪೆಕ್ಟರ್ ತನ್ನಷ್ಟಕ್ಕೇ ಎಂಬಂತೆ ಕೇಳಿದಳು.

ಟೀಚರಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು.

"ನಿನ್ನೆ ಸಂಜೆ ನಂಗೆ ಫೋನ್ ಮಾಡಿದ್ಲು," ಎಂದರು. "ನಿಮ್ಮ ತಮ್ಮನ ಫೋಟೋ ವಿಷಯ ಮಾತಾಡ್ಬೇಕು, ಬೆಳಿಗ್ಗೆ ಬರ್ತೀನಿ ಅಂದ್ಲು. ಬೆಳಿಗ್ಗೆವರೆಗೂ ಯಾಕೆ ಕಾಯೋದು, ಹೋಗಿ ಕೇಳ್ಕೊಂಡು ಬಾ ಅಂತ... ನಾನೇ ಇವನನ್ನ ಕಳಿಸ್ದೆ."