ಅಭ್ಯರ್ಥಿ ಕೇಳದೆ ಹೋದ ಮನೆ

ಕೈ ಮುಗಿದುಕೊಂಡೇ ಅವನು ನೇಕಾರರ ಓಣಿಯೊಳಗೆ ಬಂದ.

ಆಯಿಶಾತ್ತಳ ಮನೆ ಮುಂದೆ ನಿಂತು ಮತ ಕೇಳಿದ. ಮೀನಿನ ಗೋವಿಂದನ ಮನೆ ಮುಂದೆ ನಿಂತು ಮತ ಕೇಳಿದ. ಮುಂದಿನದು ವನಜಳ ಮನೆ. ಬೆಳಿಗ್ಗೆಯೇ ತಲೆಗೆ ಮಿಂದು, ಕಸವಿನ ಜರಿಯಂಚಿನ ಮುಂಡುಸೀರೆ ಉಟ್ಟು ಅವಳು ಗೇಟಿನ ಹತ್ತಿರ ನಿಂತಿದ್ದಳು. ಯಾರಿಗಾಗಿ ಈ ಸಡಗರ ಎಂದು ಮನಸ್ಸು ಕೇಳಿತ್ತು. ಅವಳು ಉತ್ತರ ಕೊಟ್ಟಿರಲಿಲ್ಲ.

ಕಣ್ಣಿಗೆ ಕಣ್ಣು ಸೇರಿತು. ಕಾಲು ಶತಮಾನದ ಮೇಲೆ!

ಪವಿತ್ರನ್ ನಿಂತ. ಆಮೇಲೆ... ತಲೆ ತಗ್ಗಿಸಿ ಮುಂದಿನ ಮನೆಗೆ ನಡೆದುಬಿಟ್ಟ.

ಹಿಂದಿದ್ದ ಕಾರ್ಯಕರ್ತರು ತಬ್ಬಿಬ್ಬಾದರು. ಕೇರಳದ ಈ ತಲಶ್ಶೇರಿಯ ಕಡೆ, ಬೈದು ಅಟ್ಟುವ ಮನೆಯನ್ನೂ ಯಾವ ಅಭ್ಯರ್ಥಿಯೂ ಬಿಡುವುದಿಲ್ಲ. ಎದುರಿಗೆ ಬಂದು ಕೇಳದೆ ಹೋದರೆ, ಆ ಮನೆ ಅವನ ಲೆಕ್ಕಕ್ಕೇ ಇಲ್ಲವೆಂದು ಅರ್ಥ.

"ಅಯ್ಯೋ ಟೀಚರೇ!" ಆಯಿಶಾತ್ತ ಬೇಲಿಯ ಮೇಲಿಂದ ಕತ್ತು ಚಾಚಿದಳು. "ನನ್ನ ಕುಂಟು ಮೇಕೆಗೂ ಕೈ ಮುಗಿದು ಹೋದ ಕಣ್ರೀ. ನಿಮ್ಮ ಮತ ಏನು ಉಪ್ಪಿಲ್ಲದ ಗಂಜಿಯಾ?"

"ದೊಡ್ಡವರು ಆಯಿಶಾತ್ತ. ದೇಶ ದೇಶಗಳ ಜಗಳ ಬಿಡಿಸಿ ಬಂದವರು. ನಾವೆಲ್ಲ ಎಲ್ಲಿ ಕಣ್ಣಿಗೆ ಬೀಳ್ತೀವಿ?"

ನಗುತ್ತಲೇ ಅಂದಳು. ಬಾಗಿಲು ಹಾಕಿಕೊಂಡ ಮೇಲೆ ಕಣ್ಣು ಅವಳ ಮಾತು ಕೇಳಲಿಲ್ಲ.

'ಈಗಲೂ ನಾಚಿಕೆಯೇ ಪವಿತ್ರೇಟ್ಟಾ? ನೇಕಾರನ ಮಗಳು ಅಂತ?' ಹಳೆಯ ಸಲಿಗೆಯ ಹೆಸರೇ ಮನಸ್ಸಿಗೆ ಬಂತು.

ವಾಚನಾಲಯದ ಜಗಲಿಯಲ್ಲಿ ಅವನು ಪತ್ರಿಕೆ ಓದುತ್ತಿದ್ದ ದಿನಗಳು... ಒಳಗೆ ಅವಳು ಪದ್ಯ ಹೇಳುವುದನ್ನು ಕೇಳಲೆಂದೇ ಒಂದೇ ಪುಟವನ್ನು ಗಂಟೆಗಟ್ಟಲೆ ಹಿಡಿದು ಕೂರುತ್ತಿದ್ದ ದಿನಗಳು! ವಿದೇಶಾಂಗ ಸೇವೆಗೆ ಆಯ್ಕೆಯಾದ ಬೆಳಿಗ್ಗೆ ಇದೇ ಮನೆಯ ಮೆಟ್ಟಿಲ ಬಳಿ ನಿಂತಿದ್ದ. 'ನೀನೂ ಬರ್ತೀಯಾ?' ಎಂಬ ಒಂದು ಮಾತಿಗೆ ಅವಳ ಜೀವವೆಲ್ಲ ಕಿವಿಯಾಗಿತ್ತು.

"ಹೋಗಿ ಬರ್ತೀನಿ" ಎಂದಷ್ಟೇ ಹೇಳಿ ಹೋದ.

ಬರಲಿಲ್ಲ. ಜಿನೀವಾದಲ್ಲಿ ದೊಡ್ಡ ಹುದ್ದೆ ಬಂತು. ಮದುವೆ ಬಂತು, ಅದು ಮುರಿದ ಸುದ್ದಿಯೂ ಬಂತು. ಕೊನೆಗೆ ಅವನ ಕಾದಂಬರಿ ಬಂತು. ಅದರಲ್ಲಿ ನೇಕಾರರ ಓಣಿಯ ಹುಡುಗಿಯೊಬ್ಬಳು ನಾಯಕನಿಗೆ ಹೇಳುತ್ತಾಳೆ: "ನಾನು ಬರಲ್ಲ. ನೀನು ಹೋಗು."

ಊರೆಲ್ಲ ವನಜಳ ಮುಖ ನೋಡಿತ್ತು. ಅವಳು ಎಂದೂ ಆಡದ ಮಾತನ್ನು ಅವಳ ಬಾಯಲ್ಲಿಟ್ಟು, ಅವನು ಪ್ರಶಸ್ತಿ ಪಡೆದಿದ್ದ.

ಈಗ ಆ ಹುದ್ದೆಗಳನ್ನೆಲ್ಲ ಬಿಟ್ಟು ಲೋಕಸಭೆಗೆ ನಿಂತಿದ್ದಾನೆ. ಎದುರು ಪಕ್ಷದ ಆಟೋ ಓಣಿ ಓಣಿಯಲ್ಲಿ ಕೂಗುತ್ತಿತ್ತು: "ಪೆಟ್ಟಿಗೆ ಹಿಡಿದು ಬಂದವರು! ಸೋತರೆ ಅದೇ ಪೆಟ್ಟಿಗೆ ಹಿಡಿದು ವಿಮಾನ ಹತ್ತೋರು! ನಂಬಬೇಡಿ!"

'ನಂಬಬೇಡಿ' ಎಂದು ಅವಳ ಒಳಗೂ ಯಾರೋ ಕೂಗುತ್ತಿದ್ದರು.

ಪ್ರಚಾರ ಮುಗಿದು ಮೈಕುಗಳು ಬಾಯಿ ಮುಚ್ಚಿದ ಸಂಜೆ. ವನಜ ದೀಪ ಹಚ್ಚಿ ದೇವರ ನಾಮ ಹೇಳುತ್ತಿದ್ದಳು. ಗೇಟು ಸದ್ದಾಯಿತು. ಹಿಂದೆ ಮುಂದೆ ಯಾರೂ ಇಲ್ಲದೆ ಅವನೊಬ್ಬನೇ ಬಂದು ಮೆಟ್ಟಿಲ ಮೇಲೆ ಕೂತ. ಅವಳು ಎದ್ದುಬರಲಿಲ್ಲ. ಕೊನೆಯ ಸಾಲಿನವರೆಗೂ ಹೇಳಿದಳು. ಅವನು ಕಣ್ಣು ಮುಚ್ಚಿ ಕೇಳಿದ.

"ಮನೆ ತಪ್ಪಿ ಬಂದ್ರಾ, ಸಾರ್?"

ಆ 'ಸಾರ್' ಅವನಿಗೆ ಚುಚ್ಚಿತು.

"ಅವತ್ತು ನಿನ್ನ ಮನೆ ಬಿಟ್ಟು ಹೋದೆ..."

"ಗೊತ್ತಾಯ್ತು. ಇಡೀ ಓಣಿಗೇ ಗೊತ್ತಾಯ್ತು!"

"ಮತ ಕೇಳಿದ್ರೆ ನೀನು ಕೊಟ್ಟುಬಿಡ್ತಿದ್ದೆ ವನಜಾ. ನಿನ್ನಿಂದ ಇನ್ನೂ ಒಂದು ತಗೊಂಡು ಹೋಗೋಕೆ ನನಗೆ ಮುಖ ಇರಲಿಲ್ಲ."

ಅವಳು ಬಾಗಿಲ ಕಂಬಕ್ಕೆ ಒರಗಿದಳು.

"ಹಾಗಾದ್ರೆ ಪುಸ್ತಕದಲ್ಲಿ ಹೇಗೆ ತಗೊಂಡ್ರಿ? 'ಬರಲ್ಲ' ಅಂತ ನಾನು ಯಾವಾಗ ಅಂದೆ? ನೀವು ಯಾವಾಗ ಕೇಳಿದ್ರಿ?"

"ಕೇಳಲಿಲ್ಲ," ಎಂದ. "ತಾಯಿಯಿಲ್ಲದ ಮನೆ, ಮಗ್ಗದ ಮುಂದೆ ನಿನ್ನಪ್ಪ ಒಬ್ಬರೇ. ಅವರನ್ನ ಬಿಟ್ಟು ಬರಲ್ಲ ಅಂತೀಯ ಅಂದ್ಕೊಂಡೆ. ಅದನ್ನ ಕಿವಿಯಾರೆ ಕೇಳೋ ಧೈರ್ಯ ಇರಲಿಲ್ಲ. ನಾನೇ ಅಂದ್ಕೊಂಡು, ನಾನೇ ಬರೆದು, ನಾನೇ ನಂಬಿಬಿಟ್ಟೆ."

"ನಾಚಿಕೆಯಿಂದ ಅಲ್ವಾ? ನೇಕಾರನ ಮಗಳು ಅಂತ..."

"ವನಜಾ!" ಅವನು ಬೆಚ್ಚಿ ತಲೆಯೆತ್ತಿದ. "ಇಷ್ಟು ವರ್ಷ ಹಾಗಂದ್ಕೊಂಡಿದ್ದೆಯಾ?"

ಅವಳು ಲೆಕ್ಕ ಹಾಕಿದಳು. ಎಷ್ಟು ವರ್ಷ! ಎಷ್ಟು ಒಣ ಹೆಮ್ಮೆ! ಒಂದು ಕಾಗದ ಹಾಕಿ ತಾನಾದರೂ ಕೇಳಬಹುದಿತ್ತಲ್ಲ...

"ಬೇರೆಯವರ ಪರವಾಗಿ ಲೋಕವೆಲ್ಲ ಸುತ್ತಿ ಬೇಡಿದೆ," ಅವನು ತನಗೇ ಹೇಳಿಕೊಂಡಂತೆ ಅಂದ. "ನನಗಾಗಿ ಬೇಡಿದ್ದು ಇದೇ ಮೊದಲು. ಎಷ್ಟೋ ಮನೆಯವರು ಮುಖದ ಮೇಲೇ 'ಇಲ್ಲ' ಅಂದ್ರು. ಕೇಳಿಸ್ಕೊಂಡೆ, ಸಾಯಲಿಲ್ಲ. ಊರು ಬಿಟ್ಟ ಆವತ್ತೂ ಸಾಯ್ತಿರಲಿಲ್ಲ ಅಂತ ಈಗ ಗೊತ್ತಾಯ್ತು. ಅದಕ್ಕೇ ಬಂದೆ. ಆವತ್ತು ಕೇಳಿದ್ದಿದ್ರೆ... ಏನಂತಿದ್ದೆ?"

ದೀಪ ಸಣ್ಣಗೆ ಉರಿಯುತ್ತಿತ್ತು. ಸುಳ್ಳು ಹೇಳಿದರೆ ಅವನಿಗೆ ನೆಮ್ಮದಿ. ಆದರೆ ಅವಳ ಬಾಯಿಗೆ ಈಗಾಗಲೇ ಒಂದು ಸುಳ್ಳು ಹಾಕಿ ಆಗಿತ್ತು.

"ಬರ್ತಿದ್ದೆ ಪವಿತ್ರೇಟ್ಟಾ," ಎಂದಳು. "ಅಪ್ಪನೇ ನನ್ನ ಪೆಟ್ಟಿಗೆ ಕಟ್ಟಿಟ್ಟಿದ್ರು."

ಅವನು ಮುಖ ಮುಚ್ಚಿಕೊಂಡ. ಸಭೆಗಳಲ್ಲಿ ಗುಡುಗಿದ ಮನುಷ್ಯ, ಮಗುವಿನಂತೆ ಬಿಕ್ಕಿದ. ವನಜ ಬಂದು ಪಕ್ಕದಲ್ಲಿ ಕೂತಳು. ಮುಟ್ಟಲಿಲ್ಲ. ಕೂತಳು, ಅಷ್ಟೇ.

"ಈಗ ಕೇಳಿದ್ರೆ?" ಎಂದ, ಮುಖದಿಂದ ಕೈ ತೆಗೆದು.

"ಈಗ ನಾನು ಎಲ್ಲಿಗೂ ಬರೋಳಲ್ಲ. ಶಾಲೆ, ಈ ಓಣಿ... ನನ್ನ ವಯಸ್ಸೂ ಇಲ್ಲೇ ಬೇರು ಬಿಟ್ಟಿದೆ." ತುಸು ತಡೆದಳು. "ನೀವು ಬರೋದಾದ್ರೆ ಬನ್ನಿ. ಗಂಜಿ, ಹೆಸರುಕಾಳು ಇರುತ್ತೆ."

"ಗೆದ್ದರೂ ಬರಬಹುದಾ?"

"ಗೆದ್ದರೆ ದೆಹಲಿ ನಿಮ್ಮನ್ನ ಬಿಟ್ಟಾಗ ಬನ್ನಿ. ಸೋತರೆ..." ಅವಳ ದನಿ ಒಡೆಯಿತು. "ಸೋತರೆ ಅದೇ ಸಂಜೆ ಬನ್ನಿ."

ಒದ್ದೆ ಕಣ್ಣಲ್ಲೇ ಅವನು ನಕ್ಕ. "ನಾನು ಸೋಲಲಿ ಅಂತ ಬೇಡ್ಕೊಳ್ತಿದ್ದೀಯಾ, ವನಜಾ?"

ಅವಳು ದೀಪದ ಕಡೆಗೊಮ್ಮೆ ನೋಡಿ, ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

"ದೇವರ ಮುಂದೆ ನನ್ನನ್ನ ಅದೊಂದು ಕೇಳಬೇಡಿ."