ವಿಜ್ಞಾನಿಯ ಜಾಮೀನು ಪತ್ರ

ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ಠಾಣೆಗೆ ಬಂದ ಹೆಂಗಸು, ಕುರ್ಚಿ ತೋರಿಸಿದರೂ ಕೂರಲಿಲ್ಲ. ಯುದ್ಧದಿಂದ ಮಗಳನ್ನು ಕರೆದುಕೊಂಡು ಹೇಗೋ ಪಾರಾಗಿ ಬಂದವಳು. ಗಂಡ ಮಾತ್ರ ಗಡಿಯ ಶಿಬಿರದಲ್ಲಿ ಸಿಕ್ಕಿಹಾಕಿಕೊಂಡಿದ್ದ. ಇಲ್ಲಿನವರೊಬ್ಬರು ಜಾಮೀನು ಪತ್ರ ಕೊಟ್ಟರಷ್ಟೇ ಒಳಗೆ ಬಿಡುತ್ತಾರೆ. ಇಲ್ಲದಿದ್ದರೆ ಶುಕ್ರವಾರ ವಾಪಸ್, ಬಾಂಬು ಬೀಳುವ ಕಡೆಗೇ.

“ಇಲ್ಲಿನ ಪ್ರಯೋಗಾಲಯದ ವಿಜ್ಞಾನಿಯೊಬ್ಬರು ಮೂರು ಸಲ ಜಾಮೀನು ಪತ್ರ ಬರೆದಿದ್ದಾರಂತೆ ಸಾರ್. ವಲಸೆ ಕಚೇರಿಯವರು ಒಂದೂ ಬಂದಿಲ್ಲ ಅಂತಾರೆ. ಯಾರೋ ನಡುವೆ ನುಂಗಿ ಹಾಕ್ತಿದ್ದಾರೆ.”

ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಇನ್‌ಸ್ಪೆಕ್ಟರ್, ಪೇದೆಯ ಜೊತೆ ಪ್ರಯೋಗಾಲಯಕ್ಕೆ ಹೋದರು. ವಿಜ್ಞಾನಿ ಯುದ್ಧ ಶುರುವಾದಾಗಿನಿಂದ ನಿರಾಶ್ರಿತರಿಗಾಗಿ ಪತ್ರ ಬರೆದೂ ಬರೆದೂ ಬೆರಳು ಸವೆಸಿಕೊಂಡವರು.

“ಪತ್ರ ಯಾರ ಕೈಗೆ ಕೊಡ್ತೀರಿ?”

“ಲಕೋಟೆ ಅಂಟಿಸಿ ನಮ್ಮ ಸಹಾಯಕನ ಕೈಗೆ. ಹದಿನಾಲ್ಕು ವರ್ಷದಿಂದ ಜೊತೆಗಿದ್ದಾನೆ. ಅಪ್ಪಟ ಚಿನ್ನ.”

“ಬೇರೆಯವರಿಗಾಗಿ ಬರೆದವು?”

“ಎಲ್ಲಾ ತಲುಪಿವೆ. ಆ ಹೆಂಗಸಿನ ಗಂಡನದು ಮಾತ್ರ ಇಲ್ಲ.”

ಅಪ್ಪಟ ಚಿನ್ನ ಪಕ್ಕದ ಕೋಣೆಯಲ್ಲಿ ಗಾಜಿನ ಪಾತ್ರೆ ತೊಳೆಯುತ್ತಿತ್ತು. “ಮೂರನ್ನೂ ಅಂಚೆ ಡಬ್ಬಿಗೆ ಹಾಕಿದೀನಿ. ಅಂಚೆಯವರನ್ನ ಕೇಳಿ,” ಎಂದ, ತಲೆ ಎತ್ತದೆ.

ಮೇಜು, ಕಸದ ಬುಟ್ಟಿ, ಒಲೆ ಎಲ್ಲ ಜಾಲಾಡಿದ್ದಾಯಿತು. ಏನೂ ಸಿಗಲಿಲ್ಲ. ತೊಟ್ಟಿಯ ಕೆಳಗೆ ತ್ಯಾಜ್ಯದ ಶೀಸೆಗಳಿದ್ದವು. ಚೀಟಿ ಅಂಟಿಸದೆ ಒಂದು ಶೀಸೆಯನ್ನೂ ಇಡಕೂಡದು ಅನ್ನುವುದು ಅಲ್ಲಿನ ಕಟ್ಟುನಿಟ್ಟು. ಕಸವಾದರೂ ಸರಿ, ಏನು, ಯಾವತ್ತು ಎಂದು ಬರೆಯಲೇಬೇಕು. ಕಪ್ಪು ದ್ರವದ ಮೂರು ಶೀಸೆಗಳ ಮೇಲೆ ಸಹಾಯಕನ ದುಂಡು ಅಕ್ಷರ: ‘ಗಂಧಕಾಮ್ಲ, ಕಾಗದ.’ ಮೂರೂ ತಾರೀಖುಗಳು ಆ ಪತ್ರಗಳನ್ನು ಅವನ ಕೈಗೆ ಕೊಟ್ಟ ದಿನಗಳೇ.

“ಕಾಗದ ಕರಗಿಸೋ ಪ್ರಯೋಗ ಇಲ್ಲಿ ನಡೆದೇ ಇಲ್ಲವಲ್ಲ!” ವಿಜ್ಞಾನಿ ಬೆಚ್ಚಿಬಿದ್ದರು.

“ಕಳ್ಳತನ ಮಾಡಿ ಚೀಟಿ ಅಂಟಿಸೋ ಮಹಾನುಭಾವನ್ನ ಇವತ್ತೇ ನೋಡಿದ್ದು ಸಾರ್,” ಎಂದ ಪೇದೆ.

ಪಂಚರ ಎದುರು ಪಂಚನಾಮೆ ಮುಗಿಯುವಷ್ಟರಲ್ಲಿ ಸಹಾಯಕ ಬಾಯಿಬಿಟ್ಟ.

“ಶಿಬಿರದಲ್ಲಿರೋ ಆತನೂ ನಮ್ಮ ರಸಾಯನಶಾಸ್ತ್ರದವನೇ ಅಂತ ಗೊತ್ತಿತ್ತು. ಮೊದಲನೇದು ಒಡೆದು ಓದಿದೆ. ‘ಇಂಥ ಪ್ರತಿಭಾವಂತನ ಜೊತೆ ಕೆಲಸ ಮಾಡುವುದು ನನ್ನ ಬಹುದಿನದ ಆಸೆ’ ಅಂತ ಬರೆದಿದ್ರು. ಹದಿನಾಲ್ಕು ವರ್ಷ ಸಾರ್! ನನಗೆ ಒಂದು ದಿನ ಭೇಷ್ ಅಂದಿಲ್ಲ. ಹೊಟ್ಟೆ ಧಗಧಗ ಉರೀತು.”

“ಅಯ್ಯೋ, ಆ ಸಾಲು ಎಲ್ಲರಿಗೂ ಬರೀತೀನಪ್ಪಾ! ಶಿಬಿರದಲ್ಲಿದ್ದ ಹಲ್ಲಿನ ಡಾಕ್ಟರಿಗೂ ಅದನ್ನೇ ಬರೆದಿದ್ದೆ. ಬರೀದಿದ್ರೆ ಕಚೇರಿಯವರು ಒಪ್ಪಲ್ಲ. ಆತನ ಮುಖಾನೇ ನಾನು ನೋಡಿಲ್ಲ.”

ಅಲ್ಲೇ ಕೂತು ನಾಲ್ಕನೆಯ ಪತ್ರ ಬರೆದರು. ಪೇದೆ ತಾನೇ ಒಯ್ದು ಕೊಟ್ಟ. ಸಂಜೆ ಐದಕ್ಕೆ ವಲಸೆ ಕಚೇರಿಯಿಂದ ಫೋನ್ ಬಂತು: ಜಾಮೀನು ಒಪ್ಪಿದ್ದೇವೆ, ಗಡಿಗೆ ತಂತಿ ಹೋಗಿದೆ. ಠಾಣೆಯಲ್ಲಿ ಕಾಯುತ್ತಿದ್ದ ಹೆಂಗಸು ಆಗ ಕುರ್ಚಿಯಲ್ಲಿ ಕುಸಿದು ಕೂತಳಂತೆ.

ಐದೂವರೆಗೆ ಬಂಧನ. ಜೀಪು ಹತ್ತುವ ಮೊದಲು ಸಹಾಯಕ ತಿರುಗಿ ನಿಂತ.

“ನನಗೂ ಅಂಥದೊಂದು ಪತ್ರ ಬೇಕಾಗಿದ್ದಿದ್ರೆ ಏನಂತ ಬರೀತಿದ್ರಿ ಸಾರ್?”

ವಿಜ್ಞಾನಿ ಜೀಪಿನ ಹತ್ತಿರ ಬಂದರು. “ನೀನು ನನ್ನನ್ನ ಬಿಟ್ಟು ಹೋಗ್ತೀಯ ಅಂತ ನಾನು ಯೋಚನೆನೇ ಮಾಡಿರಲಿಲ್ಲವಲ್ಲೋ,” ಎಂದರು.