ಸ್ಪಿರೋ, ಪೋಪಿ ಮತ್ತು ಬಿಳಿ ಕ್ಯಾನು

"ಏಯ್, ಬಿಳಿ ಕ್ಯಾನ್ ಅಲ್ಲ ಕಣೇ, ನೀಲಿ ಕ್ಯಾನ್ ಎತ್ಕೋ!" ಅಂದ ಜೆತ್ರೋ.

ಟೀಗನ್ ಎರಡು ಕ್ಯಾನುಗಳ ನಡುವೆ ನಿಂತು ಉಗುರು ಕಚ್ಚುತ್ತಿದ್ದಳು. ನೀಲಿ ಕ್ಯಾನಿನಲ್ಲಿ ಸಮುದ್ರದ ನೀರು. ಬಿಳಿ ಕ್ಯಾನಿನಲ್ಲಿ ಸಿಹಿನೀರು. ಅವಳ ಕೈಯಲ್ಲಿ ಪಕ್ಕದ ಮನೆಯ ವೂಲಾ ಆಂಟಿ ಬರೆದಿಟ್ಟು ಹೋದ ಚೀಟಿ.

"ಚೀಟೀಲಿ ಬಿಳಿ ಅಂತಾನೇ ಇದೆ ಕಣೋ. ಕೇಳು. 'ದಿನಾ ಟ್ಯಾಂಕ್‌ನಲ್ಲಿ ನೀರು ಇಳಿದಿರುತ್ತೆ. ಟೇಪಿನ ಗೆರೆವರೆಗೂ ಬಿಳಿ ಕ್ಯಾನಿನ ನೀರು ಹಾಕು.'"

"ಆಂಟಿ ಹೋದ ವಾರ ಕನ್ನಡಕಾನ ಫ್ರಿಜ್‌ನಲ್ಲಿಟ್ಟು ಮನೆಯೆಲ್ಲಾ ಹುಡುಕಿದ್ದು ಮರ್ತೋಯ್ತಾ? ಸಮುದ್ರದ ಮೀನಿಗೆ ಯಾರಾದ್ರೂ ಸಿಹಿನೀರು ಹಾಕ್ತಾರಾ? ಟ್ಯಾಕ್ಸಿ ಬಂತು ಅಂತ ಅವಸರದಲ್ಲಿ ತಪ್ಪು ಬರ್ದಿದಾರೆ, ಅಷ್ಟೆ."

ಅವಳ ಅಣ್ಣ ಜೆತ್ರೋಗೆ ಹದಿಮೂರು ವರ್ಷ. ಜಗತ್ತನ್ನೆಲ್ಲ ತಾನೇ ಕಂಡುಹಿಡಿದವನ ಹಾಗೆ ಮಾತಾಡುತ್ತಾನೆ. ಆದರೆ ಈ ಮಾತು ಟೀಗನ್‌ಗೂ ಸರಿ ಅನ್ನಿಸಿತು. ಸಮುದ್ರದ ಮೀನಿಗೆ ಸಮುದ್ರದ ನೀರು. ಇದಕ್ಕೆ ಚೀಟಿ ಬೇರೆ ಬೇಕಾ? ಅವಳು ನೀಲಿ ಕ್ಯಾನನ್ನು ಬಗ್ಗಿಸಿ ಜಗ್ಗು ತುಂಬಿಸಿದಳು. ಆಂಟಿಯ ತಪ್ಪನ್ನು ತಾನು ತಿದ್ದಿದೆ ಅಂತ ಒಳಗೊಳಗೇ ಹೆಮ್ಮೆಪಟ್ಟಳು.

ವೂಲಾ ಆಂಟಿಯ ಟ್ಯಾಂಕ್ ದೊಡ್ಡದೇನಲ್ಲ, ಮೈಕ್ರೋವೇವ್ ಓವನ್‌ಗಿಂತ ಸ್ವಲ್ಪ ದೊಡ್ಡದು. ಆಸ್ಟ್ರೇಲಿಯಾದಲ್ಲಿ ಜನವರಿ ಅಂದರೆ ಬೇಸಿಗೆ, ಆ ಸೆಕೆಗೆ ನೀರು ಬಿಸಿಯಾಗದಿರಲಿ ಅಂತ ಮೇಲೊಂದು ಪುಟ್ಟ ಫ್ಯಾನ್ ಸದಾ ತಿರುಗುತ್ತಿರುತ್ತದೆ. ಬೋವೆನ್ ಊರಿನ ಮಕ್ಕಳೆಲ್ಲ ರಜೆಯಲ್ಲಿ ಸಮುದ್ರಕ್ಕೆ ಓಡಿದರೆ, ಟೀಗನ್ ಈ ಗಾಜಿಗೆ ಮೂಗು ಒತ್ತಿಕೊಂಡು ಕೂರುತ್ತಿದ್ದಳು.

ಯಾಕೆ ಅಂದರೆ, ಒಳಗೆ ಸ್ಪಿರೋ ಮತ್ತು ಪೋಪಿ ಇದ್ದರು!

ಸ್ಪಿರೋ ಹಳದಿ ಮೀನು, ಬೆರಳುದ್ದ. ಪೋಪಿ ಒಂದು ಸಿಗಡಿ. ಒಂದೇ ಬಿಲದಲ್ಲಿ ಇಬ್ಬರ ಸಂಸಾರ. ಪೋಪಿಗೆ ಕಣ್ಣು ಅಷ್ಟಾಗಿ ಕಾಣದು. ಆದರೂ ಬೆಳಗಿಂದ ಸಂಜೆವರೆಗೆ ಮರಳು ತಳ್ಳಿ ತಳ್ಳಿ ಬಿಲ ರಿಪೇರಿ ಮಾಡುವವಳು ಅವಳೇ. ಸ್ಪಿರೋ ಬಾಗಿಲಲ್ಲಿ ನಿಂತು ಕಾವಲು ಕಾಯುತ್ತಾನೆ. ಪೋಪಿಯ ಒಂದು ಮೀಸೆ ಯಾವಾಗಲೂ ಸ್ಪಿರೋನ ಬಾಲದ ಮೇಲೆ ಇರುತ್ತದೆ. ಅವನು ಬಾಲ ಅಲ್ಲಾಡಿಸಿದರೆ ಅಪಾಯ ಅಂತ ಅರ್ಥ. ಇಬ್ಬರೂ ಸರ್ರನೆ ಒಳಗೆ! ಕೋಪ ಬಂದರೆ ಪೋಪಿ ಇಕ್ಕಳದಂಥ ತನ್ನ ದಪ್ಪ ಕೈಯಿಂದ 'ಟಕ್' ಅಂತ ಸದ್ದು ಮಾಡುತ್ತಾಳೆ. ಪಕ್ಕದ ರೂಮಿಗೂ ಕೇಳುತ್ತದೆ.

"ಸ್ಪಿರೋ ನಮ್ಮ ಚಿಕ್ಕಪ್ಪನ ಹೆಸರು, ಪೋಪಿ ಚಿಕ್ಕಮ್ಮನದು" ಅಂದಿದ್ದರು ಆಂಟಿ. "ಅವರೂ ಹಿಂಗೇ. ಚಿಕ್ಕಮ್ಮ ದಿನವಿಡೀ ಮನೆ ಗುಡಿಸೋದು, ಚಿಕ್ಕಪ್ಪ ಬಾಗಿಲಲ್ಲಿ ನಿಂತು ಬೀದಿ ನೋಡೋದು."

ಆಂಟಿ ಹತ್ತು ದಿನ ಮೆಲ್ಬರ್ನ್‌ನಲ್ಲಿರುವ ಮಗಳ ಮನೆಗೆ ಹೊರಟಾಗ ಕೀ ಕೊಟ್ಟು ಒಂದು ಮಾತು ಹೇಳಿದ್ದರು: "ಇವರಿಬ್ಬರನ್ನ ಚೆನ್ನಾಗಿ ನೋಡ್ಕೋ. ಶೆಡ್‌ನಲ್ಲಿ ಒಂದು ಸಣ್ಣ ಟ್ಯಾಂಕ್ ಖಾಲಿ ಬಿದ್ದಿದೆ. ಬಂದ ಮೇಲೆ ಅದು ನಿಂದು."

ಸ್ವಂತ ಟ್ಯಾಂಕ್! ಸ್ವಂತ ಸಮುದ್ರ! ಟೀಗನ್ ಆ ದಿನ ಊಟವನ್ನೂ ನೆಟ್ಟಗೆ ಮಾಡಲಿಲ್ಲ. ಅದರೊಳಗೆ ಏನೇನು ಇರಬೇಕು ಅಂತ ಪಟ್ಟಿ ಬರೆದಳು. ಹದಿನೇಳು ಮೀನು ಆಗಿತ್ತು.

ಮೊದಲ ನಾಲ್ಕು ದಿನ ಹಬ್ಬದ ಹಾಗೆ ಕಳೆಯಿತು. ದಿನಾ ಬೆಳಿಗ್ಗೆ ನೀಲಿ ಕ್ಯಾನಿನಿಂದ ಒಂದು ಜಗ್ಗು. ರಾತ್ರಿ ಊಟದ ಹೊತ್ತಿಗೆ ಆಂಟಿಯ ಫೋನ್. "ಎಲ್ಲಾ ಸೂಪರ್ ಆಂಟಿ!"

ಐದನೇ ದಿನ ಪೋಪಿ ಹೊರಗೆ ಬರಲಿಲ್ಲ.

ಆರನೇ ದಿನವೂ ಬರಲಿಲ್ಲ. ಸ್ಪಿರೋ ಒಬ್ಬನೇ ಬಿಲದ ಬಾಯಲ್ಲಿ ಬಿದ್ದುಕೊಂಡಿದ್ದ. ಅವನ ಹಳದಿ ಬಣ್ಣ ಮಂಕಾಗಿತ್ತು. ಕಿವಿರು ಪಟಪಟ ಬಡಿದುಕೊಳ್ಳುತ್ತಿತ್ತು. ಊಟ ಹಾಕಿದರೆ ತಿರುಗಿಯೂ ನೋಡಲಿಲ್ಲ.

"ಪೋಪಿ ಹೇಗಿದಾಳೆ?" ಅಂದರು ಆಂಟಿ ಫೋನಿನಲ್ಲಿ.

"ಇದಾಳೆ ಆಂಟಿ. ಈಗ ಒಳಗಿದಾಳೆ."

ಸುಳ್ಳೇನಲ್ಲ. ಆದರೆ ಫೋನ್ ಇಟ್ಟ ಮೇಲೆ ಟೀಗನ್ ಊಟದ ತಟ್ಟೆಯನ್ನು ಪಕ್ಕಕ್ಕೆ ತಳ್ಳಿದಳು.

"ಸತ್ತಿರ್ಬೇಕು" ಅಂದ ಜೆತ್ರೋ, ಬ್ರೆಡ್ಡಿಗೆ ಬೆಣ್ಣೆ ಸವರುತ್ತಾ.

"ನಿನ್ನ ಬಾಯಿಗೆ ಬೀಗ ಹಾಕ!" ಅಂತ ಟೀಗನ್ ಕಿರುಚಿದಳು. ಆಮೇಲೆ ಬಾತ್‌ರೂಮಿಗೆ ಹೋಗಿ ಅತ್ತಳು.

ಏಳನೇ ದಿನ ಬೆಳಿಗ್ಗೆ ಅಮ್ಮ ಮಾವಿನಹಣ್ಣು ಪ್ಯಾಕ್ ಮಾಡುವ ಶೆಡ್ಡಿಗೆ ಕೆಲಸಕ್ಕೆ ಹೊರಡುತ್ತಾ, "ತಂತಿ ಮೇಲಿನ ಬಟ್ಟೆ ತಗೋ ಮಗಾ" ಅಂದಳು. ಟೀಗನ್ ಹಿತ್ತಲಿಗೆ ಹೋದಳು. ಜೆತ್ರೋ ನಿನ್ನೆ ಕಡಲಲ್ಲಿ ಈಜಿ ಬಂದು ಒಗೆಯದೇ ನೇತುಹಾಕಿದ್ದ ಕರಿ ಚಡ್ಡಿ ಹಪ್ಪಳದಂತೆ ಗರಿಗರಿಯಾಗಿತ್ತು. ಅದರ ಮೇಲೆಲ್ಲ ಬಿಳಿ ಪುಡಿ.

"ಥೂ, ಸೋಮಾರಿ! ಉಪ್ಪೆಲ್ಲಾ ಹಂಗೇ ಇದೆ!"

ಅಂದವಳು ಅಲ್ಲೇ ನಿಂತಳು. ನಿನ್ನೆ ಚಡ್ಡಿಯಿಂದ ತೊಟತೊಟ ನೀರು ಸುರಿಯುತ್ತಿತ್ತು. ಆ ನೀರು ಎಲ್ಲಿ ಹೋಯಿತು? ಆರಿಹೋಯಿತು. ಉಪ್ಪು? ಉಪ್ಪು ಎಲ್ಲೂ ಹೋಗಲಿಲ್ಲ.

ಚಡ್ಡಿಯನ್ನು ಅಲ್ಲೇ ಬಿಸಾಕಿ ಅವಳು ಪಕ್ಕದ ಮನೆಗೆ ಓಡಿದಳು. ಟ್ಯಾಂಕಿನ ಅಂಚಿನಲ್ಲಿ, ಫ್ಯಾನಿನ ಕೆಳಗೆ, ಬೆಳ್ಳಗೆ ಏನೋ ಕಟ್ಟಿತ್ತು. ಬೆರಳಲ್ಲಿ ಕೆರೆದು ನಾಲಿಗೆಗೆ ಇಟ್ಟಳು. ಉಪ್ಪು!

ಫ್ಯಾನ್ ದಿನಾ ಒಂದು ಜಗ್ಗು ನೀರನ್ನು ಆರಿಸುತ್ತಿತ್ತು. ಬರೀ ನೀರನ್ನು. ಅವಳು ದಿನಾ ಒಂದು ಜಗ್ಗು ಉಪ್ಪುನೀರು ಸುರಿಯುತ್ತಿದ್ದಳು. ಒಂದು ವಾರ! ಆಂಟಿ ತಪ್ಪು ಬರೆದಿರಲಿಲ್ಲ. ಒಂದಕ್ಷರವೂ ತಪ್ಪು ಬರೆದಿರಲಿಲ್ಲ.

ಫೋನ್ ಕೈಗೆತ್ತಿಕೊಂಡಳು. ಕೆಳಗಿಟ್ಟಳು. ಹೇಳಿದರೆ ಟ್ಯಾಂಕ್ ಹೋಯಿತು. ಹೇಳದೆ ಬಿಳಿ ಕ್ಯಾನನ್ನು ಪೂರ್ತಿ ಸುರಿದುಬಿಟ್ಟರೆ? ಯಾರಿಗೂ ಗೊತ್ತಾಗದು. ಜಗ್ಗು ತುಂಬಿಸಿಯೂ ಆಯಿತು. ಸ್ಪಿರೋ ಗಾಜಿನ ಹಿಂದಿನಿಂದ ಅವಳನ್ನೇ ನೋಡುತ್ತಿದ್ದ. ಹಿಂಗೇ, ತನಗೆ ಎಲ್ಲಾ ಗೊತ್ತಿದೆ ಅಂದುಕೊಂಡು ಸುರಿದೇ ತಾನೇ ಇಷ್ಟೆಲ್ಲಾ ಆಗಿದ್ದು?

ಅವಳು ಜಗ್ಗು ಕೆಳಗಿಟ್ಟು ನಂಬರ್ ಒತ್ತಿದಳು.

"ಆಂಟಿ, ನಾನು ಬಿಳಿ ಕ್ಯಾನ್ ಮುಟ್ಟೇ ಇಲ್ಲ. ದಿನಾ ನೀಲೀದೇ ಹಾಕಿದೀನಿ. ಪೋಪಿ ಮೂರು ದಿನದಿಂದ ಹೊರಗೆ ಬಂದಿಲ್ಲ. ನಿನ್ನೆ ನಾನು ನಿಮಗೆ ಸರಿಯಾಗಿ ಹೇಳ್ಲಿಲ್ಲ." ಒಂದೇ ಉಸಿರಿಗೆ ಹೇಳಿ ಕಣ್ಣು ಮುಚ್ಚಿಕೊಂಡಳು.

"ಅಯ್ಯೋ, ನಿನ್ನ ಮನೆ ಕಾಯ್ವಾಗ!" ಅಂದರು ಆಂಟಿ. "ಗೋಡೆ ಮೇಲೆ ಉಪ್ಪು ಅಳೆಯೋ ಡಬ್ಬಿ, ಮುಳ್ಳಿರೋ ಪ್ಲಾಸ್ಟಿಕ್‌ದು, ನೇತಾಡ್ತಿದೆಯಲ್ಲ, ಅದರಲ್ಲಿ ಟ್ಯಾಂಕ್ ನೀರು ತುಂಬು. ಮುಳ್ಳು ಎಲ್ಲಿದೆ?"

"ಹಸಿರು ಗೆರೆ ದಾಟಿ ಮೇಲೆ ಹೋಗಿದೆ ಆಂಟಿ. ತುಂಬಾ ಮೇಲೆ." ಅವಳು ಜಗ್ಗಿನ ಹಿಡಿಗೆ ಕೈ ಹಾಕಿದಳು. "ಈಗ್ಲೇ ಬಿಳಿ ಕ್ಯಾನ್ ಪೂರ್ತಿ ಸುರಿದುಬಿಡ್ಲಾ?"

"ಸುರಿ. ಸುರಿದು, ಪೋಪೀನ ಹೂಳೋಕೆ ಗುಂಡೀನೂ ತೋಡು. ಅವಸರ ಮಾಡಿದ್ರೆ ಆ ಸಿಗಡಿ ತಡ್ಕೊಳಲ್ಲ ಕಣೇ! ಕೇಳಿಲ್ಲಿ. ಗಂಟೆಗೊಂದು ಲೋಟ ಟ್ಯಾಂಕ್ ನೀರು ತೆಗಿ, ಒಂದು ಲೋಟ ಸಿಹಿನೀರು ಹಾಕು. ನಿಧಾನಕ್ಕೆ, ಮೂಲೇಲಿ. ಟೇಪಿನ ಗೆರೆಗಿಂತ ನೀರು ಇಳಿದಿದ್ರೆ ಅದಕ್ಕೂ ಬಿಳೀದೇ, ಅದೂ ಲೋಟ ಲೋಟವಾಗಿ. ಬೆಳಿಗ್ಗೆಯಿಂದ ಮಲಗೋವರೆಗೂ. ಮೂರು ದಿನ."

"ಮೂರು ದಿನಾನಾ!"

"ಮೂರು ದಿನ" ಅಂದು ಆಂಟಿ ಫೋನ್ ಇಟ್ಟರು.

ಅಯ್ಯಪ್ಪಾ, ಗಂಟೆ ಅಂದರೆ ಎಷ್ಟು ಉದ್ದ ಅಂತ ಟೀಗನ್‌ಗೆ ಅವತ್ತು ಗೊತ್ತಾಯಿತು! ಲೋಟ ಹಾಕುವುದು ಒಂದು ನಿಮಿಷದ ಕೆಲಸ. ಮಿಕ್ಕ ಐವತ್ತೊಂಬತ್ತು ನಿಮಿಷ ಏನು ಮಾಡುವುದು? ಗಡಿಯಾರ ನೋಡಿದಳು. ನಾಲ್ಕು ನಿಮಿಷ ಆಗಿತ್ತು. ಮತ್ತೆ ನೋಡಿದಳು. ಐದು.

"ಎರಡು ಲೋಟ ಹಾಕು, ಬೇಗ ಮುಗಿಯುತ್ತೆ" ಅಂದ ಜೆತ್ರೋ.

"ನಿನ್ನ ಬುದ್ಧಿ ಕೇಳಿದ್ದಕ್ಕೇ ಹಿಂಗಾಗಿದ್ದು. ಸುಮ್ನೆ ಹೋಗು!" ಅಂದಳು. ಹೇಳಿದ ಮೇಲೆ ಅವಳಿಗೇ ಪಿಚ್ಚೆನಿಸಿತು. "ಇಲ್ಲ ಬಿಡು. ಜಗ್ಗು ಬಗ್ಗಿಸಿದ್ದು ನಾನೇ."

ಎಂಟನೇ ದಿನ ಮಧ್ಯಾಹ್ನ ಗೆಳತಿಯರು ಈಜಲು ಕರೆದರು. ಟೀಗನ್ ಹೋಗಲಿಲ್ಲ. ಒಂಬತ್ತನೇ ದಿನ ಅವಳು ಸೋಫಾ ಮೇಲೆ ನಿದ್ದೆ ಹೋಗಿಬಿಟ್ಟಳು. ಗಾಬರಿಯಿಂದ ಎದ್ದು ನೋಡಿದರೆ ಜೆತ್ರೋ ನಾಲಿಗೆ ಕಚ್ಚಿಕೊಂಡು, ಹನಿ ಹನಿಯಾಗಿ, ಮೂಲೆಯಲ್ಲಿ ಲೋಟ ಬಗ್ಗಿಸುತ್ತಿದ್ದ.

"ಏನ್ ನೋಡ್ತೀಯ? ಟೈಮ್ ಆಗಿತ್ತು" ಅಂದ.

ಸ್ಪಿರೋನ ಹಳದಿ ಸ್ವಲ್ಪ ಸ್ವಲ್ಪವೇ ಮರಳುತ್ತಿತ್ತು. ಆದರೆ ಬಿಲದಿಂದ ಒಂದು ಕಾಳು ಮರಳೂ ಹೊರಗೆ ಬರಲಿಲ್ಲ.

ಹತ್ತನೇ ದಿನ ಬೆಳಿಗ್ಗೆ ಡಬ್ಬಿಯ ಮುಳ್ಳು ಹಸಿರು ಗೆರೆಗೆ ಬಂದು ನಿಂತಿತ್ತು. ಟೀಗನ್ ಟ್ಯಾಂಕಿನ ಮುಂದೆ ನೆಲದ ಮೇಲೆ ಕೂತಿದ್ದಳು. ಏನೂ ಕಾಣಲಿಲ್ಲ. ಎದ್ದು ಹೋಗೋಣ ಅಂತ ಕಾಲು ಮಡಚಿದಳು.

ಟಕ್!

ಟೀಗನ್ ಉಸಿರು ಬಿಡಲಿಲ್ಲ. ಬಿಲದ ಬಾಯಲ್ಲಿ ಮರಳು ಅಲ್ಲಾಡಿತು. ಮೊದಲು ಒಂದು ಮೀಸೆ ಹೊರಬಂದು ಗಾಳಿ ತಡಕಿದ ಹಾಗೆ ನೀರು ತಡಕಿ, ಸ್ಪಿರೋನ ಬಾಲದ ಮೇಲೆ ಕೂತಿತು. ಆಮೇಲೆ ಒಂದು ರಾಶಿ ಮರಳು. ಅದರ ಹಿಂದೆ, ಬುಲ್ಡೋಜರ್ ಹಾಗೆ ತಳ್ಳುತ್ತಾ, ಸಿಡಿಮಿಡಿಗೊಂಡ ಪೋಪಿ!

"ಜೆತ್ರೋ! ಬಂದ್ಲು ಕಣೋ! ಬಂದ್ಲು! ಬಾರೋ ಬೇಗ!" ಟೀಗನ್ ಕುಣಿದಾಡಿಬಿಟ್ಟಳು. ಜೆತ್ರೋ ಟೂತ್‌ಬ್ರಷ್ ಬಾಯಲ್ಲಿಟ್ಟುಕೊಂಡೇ ಬೇಲಿ ಹಾರಿ ಓಡಿಬಂದ. ಇಬ್ಬರೂ ಒಬ್ಬರನ್ನೊಬ್ಬರು ತಬ್ಬಿಕೊಂಡರು. ತಕ್ಷಣ ನಾಚಿ ಬಿಟ್ಟರು.

ಸಂಜೆ ವೂಲಾ ಆಂಟಿ ಬಂದರು. ಬ್ಯಾಗು ಕೂಡ ಕೆಳಗಿಡದೆ ಟ್ಯಾಂಕಿನ ಮುಂದೆ ಬಗ್ಗಿ ತುಂಬಾ ಹೊತ್ತು ನೋಡಿದರು.

"ಎಷ್ಟು ಲೋಟ ಆಯ್ತು?"

"ಮೂವತ್ತಾರು. ಒಂದು ಜೆತ್ರೋದು" ಅಂದಳು ಟೀಗನ್. ಕೀ ಮೇಜಿನ ಮೇಲಿಟ್ಟು ಬಾಗಿಲ ಕಡೆ ಹೊರಟಳು. ಟ್ಯಾಂಕ್ ಕೇಳುವ ಮುಖ ಅವಳಿಗಿರಲಿಲ್ಲ.

"ಎಲ್ಲಿಗೆ ಹೊರಟೆ? ಶೆಡ್‌ನಿಂದ ಟ್ಯಾಂಕ್ ಎತ್ಕೊಂಡು ಬರೋಕೆ ನನ್ನ ಸೊಂಟ ಕೇಳುತ್ತಾ?"

ಟೀಗನ್ ಬಾಗಿಲಿಂದ ಗಕ್ಕನೆ ತಿರುಗಿದಳು.

"ಮೊದಲ್ನೇ ವರ್ಷ ನಾನು ಹನ್ನೊಂದು ಮೀನು ಸಾಯಿಸಿದೀನಿ" ಅಂದರು ಆಂಟಿ ಚಪ್ಪಲಿ ಬಿಡುತ್ತಾ. "ಯಾರಿಗೂ ಹೇಳಿರ್ಲಿಲ್ಲ. ಇವತ್ತು ನಿನಗೇ ಹೇಳ್ತಿರೋದು. ಒಂದು ಮಾತು ಕೇಳು, ಮೊದಲ ತಿಂಗಳು ಬರೀ ಕಲ್ಲು, ಮರಳು, ನೀರು. ಒಂದು ಮೀನೂ ಇಲ್ಲ. ನೀರು ಹದಕ್ಕೆ ಬರಬೇಕು."

ಟೀಗನ್ ಮೀನಿನ ಪಟ್ಟಿಯನ್ನು ನೆನೆಸಿಕೊಂಡಳು. "ಆಗ್ಲಿ ಆಂಟಿ" ಅಂದಳು.

ಆಂಟಿ ತಮ್ಮ ಟ್ಯಾಂಕಿನಿಂದಲೇ ಒಂದು ಕಲ್ಲು ಕೊಟ್ಟರು. ಟೀಗನ್ ಅದನ್ನು ಮನೆಗೆ ತಂದು ತನ್ನ ಟ್ಯಾಂಕಿನಲ್ಲಿಟ್ಟು ಒಂಬತ್ತು ದಿನ ಆಗಿತ್ತು.

"ಅಮ್ಮಾ, ಇಲ್ನೋಡು! ಮೀನೇ ಇಲ್ಲದ ಟ್ಯಾಂಕ್ ಮುಂದೆ ಅರ್ಧ ಗಂಟೆಯಿಂದ ಕೂತಿದಾಳೆ ಇವಳು!" ಜೆತ್ರೋ ನಕ್ಕ. "ಕಲ್ಲು ಡಾನ್ಸ್ ಮಾಡುತ್ತಾ?"

"ಶ್!" ಟೀಗನ್ ಬೆರಳು ತೋರಿಸಿದಳು.

ಕಲ್ಲಿನ ಒಂದು ಸಣ್ಣ ತೂತಿನಿಂದ ಏನೋ ಹೊರಬರುತ್ತಿತ್ತು. ಅಕ್ಕಿಕಾಳಿಗಿಂತ ಚಿಕ್ಕದು. ನಿಧಾನವಾಗಿ ಬಿಚ್ಚಿಕೊಂಡು ಪುಟ್ಟ ಬೀಸಣಿಗೆಯಾಯಿತು. ಕೆಂಪು ಬಿಳಿ ಪಟ್ಟೆ ಪಟ್ಟೆ.

"ಏ! ಏನದು? ಹುಳಾನಾ?" ಜೆತ್ರೋ ಗಾಜಿಗೆ ಟಪ್ ಅಂತ ಬೆರಳು ತಟ್ಟಿದ. ಬೀಸಣಿಗೆ ಚಕ್ಕನೆ ಒಳಗೆ ಹೋಯಿತು. ಬರೀ ಕಲ್ಲು ಉಳಿಯಿತು.

ಟೀಗನ್ ಬೈಯಲಿಲ್ಲ. ಸ್ವಲ್ಪ ಸರಿದು ಅವನಿಗೂ ಜಾಗ ಬಿಟ್ಟಳು.

"ಮತ್ತೆ ಯಾವಾಗ ಬರುತ್ತೆ?" ಅಂದ ಅವನು ಪಿಸುದನಿಯಲ್ಲಿ.

"ಅದಕ್ಕೆ ಬರಬೇಕು ಅನ್ನಿಸಿದಾಗ" ಅಂದಳು ಟೀಗನ್.

ಇಬ್ಬರೂ ಗಲ್ಲಕ್ಕೆ ಕೈಕೊಟ್ಟು ಕೂತರು.